ಮಂಗಳವಾರದ ಮಂಡಿ ನೋವು

ನಮ್ಮ ಡಾಕ್ಟರಿಗೆ ಜನ ಇಟ್ಟ ಹೆಸರು ಬೆನ್ನು ಡಾಕ್ಟರು. ಆ ಹೆಸರು ಕೇಳಿ ಒಬ್ಬ ಲಾರಿ ಡ್ರೈವರು ಸೊಂಟ ಹಿಡಿದುಕೊಂಡು ದೂರದಿಂದ ಬಂದು, ಒಂದು ಗಂಟೆ ಬೆಂಚಿನ ಮೇಲೆ ಕಾದು, ಒಳಗೆ ಹೋದ ಮೇಲೆ ತಿಳಿದುಕೊಂಡ: ಈಕೆ ಬೆನ್ನಿಗೆ ಮದ್ದು ಕೊಟ್ಟು ಹೆಸರಾದವರಲ್ಲ, ಬೆನ್ನು ತೋರಿಸಿಕೊಂಡು ಕೂತು ಹೆಸರಾದವರು. ಪುಣ್ಯಾತ್ಮ ನಕ್ಕುಬಿಟ್ಟ. ಔಷಧಿ ಚೀಟಿಯೇನೋ ಸರಿಯಾಗಿಯೇ ಸಿಕ್ಕಿತು.

ತಪ್ಪು ಡಾಕ್ಟರದಲ್ಲ. ಅವರ ಕೋಣೆಯಲ್ಲಿ ಕರೆಂಟಿನ ಪಾಯಿಂಟು ಇರುವುದು ಕಿಟಕಿಯ ಕೆಳಗೆ ಒಂದೇ ಒಂದು. ಕಂಪ್ಯೂಟರ್ ಜೋಡಿಸಲು ಬಂದವನ ಹತ್ತಿರ ಇದ್ದ ವೈರು ಮೋಟು. ಅವನು ಮೇಜನ್ನು ದರದರ ಎಳೆದು ಗೋಡೆಗೆ ಒತ್ತಿ, ಆಮೇಲೆ ಬಂದು ಸರಿ ಮಾಡುತ್ತೇನೆ ಎಂದು ಹೇಳಿ ಹೋದ. ಆ ‘ಆಮೇಲೆ’ಗೆ ಈಗ ಆರು ವರ್ಷ ತುಂಬಿದೆ. ಅಂದಿನಿಂದ ಡಾಕ್ಟರು ಗೋಡೆಯ ಕಡೆ ಮುಖ, ರೋಗಿ ಡಾಕ್ಟರ ಬೆನ್ನಿನ ಕಡೆ ಮುಖ. ಎದೆ, ಹೊಟ್ಟೆ, ಗಂಟಲು ನೋಡಬೇಕಾದಾಗ ಎದ್ದು ಬಂದು ನೋಡುತ್ತಾರೆ. ಅವಸರವಿಲ್ಲದೆ, ಚೆನ್ನಾಗಿಯೇ ನೋಡುತ್ತಾರೆ. ಆಮೇಲೆ ಮತ್ತೆ ಗೋಡೆಗೆ ತಿರುಗಿ ಎರಡು ಬೆರಳಲ್ಲಿ ಟಕಟಕ ಒತ್ತುತ್ತಾ, ‘ಹೇಳಿ, ಕೇಳಿಸ್ಕೋತಾ ಇದೀನಿ’ ಎನ್ನುತ್ತಾರೆ. ಈ ಮಾತನ್ನು ದಿನಕ್ಕೆ ಅರವತ್ತು ಸಲ ಕೇಳುತ್ತೇನೆ. ನಾನು ಆ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತೆರಡು ವರ್ಷದಿಂದ ಬಾಗಿಲ ಬಟ್ಟೆ ಪರದೆಯ ಈಚೆ ನನ್ನ ಜಾಗ.

ಮೊದಲು ನಮ್ಮಲ್ಲಿ ಹಳದಿ ಕಾರ್ಡುಗಳಿದ್ದವು. ಒಬ್ಬರಿಗೆ ಒಂದು ಕಾರ್ಡು, ತುಂಬಿದರೆ ಅದಕ್ಕೆ ಇನ್ನೊಂದನ್ನು ಹೊಲಿದು ಇಡುವುದು ನನ್ನ ಕೆಲಸ. ಡಾಕ್ಟರು ರೋಗಿಯ ಮುಖ ನೋಡುತ್ತಾ ಪೆನ್ನಿನಲ್ಲಿ ಬರೆಯುತ್ತಿದ್ದರು. ಬಿಪಿ, ಸಕ್ಕರೆ ಎಲ್ಲ ಬರೆದು ಅದರ ಕೆಳಗೆ ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ ಮಾತುಗಳನ್ನೂ ಬರೆಯುತ್ತಿದ್ದರು. ‘ಗಂಡ ಪಕ್ಕದಲ್ಲಿದ್ದರೆ ನಿಜ ಹೇಳುವುದಿಲ್ಲ.’ ‘ಸೊಸೆಯ ಮೇಲಿನ ಸಿಟ್ಟಿಗೆ ಮಾತ್ರೆ ಬಿಟ್ಟಿದ್ದಾರೆ.’ ವಯಸ್ಸಾದವರ ಕಾರ್ಡುಗಳಲ್ಲಿ ಅಲ್ಲಲ್ಲಿ ಒಂದೇ ಸಾಲು ಇರುತ್ತಿತ್ತು: ‘ಮಾತಾಡಲು ಬಂದಿದ್ದರು. ಚೆನ್ನಾಗಿದ್ದಾರೆ.’

ಕಂಪ್ಯೂಟರಿಗೆ ಇಂಥ ಸಾಲು ಆಗಿಬರುವುದಿಲ್ಲ. ರೋಗಿಯ ಹೆಸರು ಒತ್ತಿದ ಕೂಡಲೇ ಅದು ‘ಬಂದ ಕಾರಣ’ ಎಂದು ಕೇಳುತ್ತದೆ. ಕೆಳಗೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಒಂದನ್ನು ಆರಿಸಲೇಬೇಕು. ಆರಿಸದಿದ್ದರೆ ಮುಂದಿನ ಪುಟ ತೆರೆಯದು, ಮುಂದಿನ ಭೇಟಿಯ ದಿನವನ್ನೂ ಕೊಡದು. ಪಟ್ಟಿಯಲ್ಲಿ ನಾನೂರು ಚಿಲ್ಲರೆ ಕಾರಣಗಳಿವೆ. ಹದ್ದು ಕುಕ್ಕಿದ್ದಕ್ಕೂ ಒಂದಿದೆ. ಮಾತಾಡಲು ಬಂದದ್ದಕ್ಕೆ ಇಲ್ಲ. ಕೈ ತೊಳೆಯುವ ನಲ್ಲಿ ಸೋರಿ ಸೋರಿ ನೆಲ ಪಾಚಿ ಕಟ್ಟಿದೆ, ಅದನ್ನು ರಿಪೇರಿ ಮಾಡಿಸಲು ಮುಖ್ಯ ಕಚೇರಿಗೆ ಆಗಲಿಲ್ಲ, ಈ ಪಟ್ಟಿ ಮಾತ್ರ ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಕೆಟ್ಟದ್ದನ್ನೇ ಹೇಳಬಾರದು. ಯಾವ ಮಾತ್ರೆ ಯಾವುದರ ಜೊತೆ ಸೇರಬಾರದೆಂದು ಅದು ಕೆಂಪು ಅಕ್ಷರದಲ್ಲಿ ಕೂಗಿ ಎರಡು ಜೀವ ಉಳಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಎಪ್ಪತ್ತು ದಾಟಿದ ಮುದುಕಿಗೂ ಅದೇ ಕೆಂಪಿನಲ್ಲಿ ‘ಇವರು ಗರ್ಭಿಣಿಯೇ?’ ಎಂದು ಕೇಳುತ್ತದೆ. ಸಮಯ ಉಳಿಸಲೆಂದು ‘ಹಿಂದಿನಂತೆ’ ಎಂಬ ಒಂದು ಗುಂಡಿ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ ಹೋದ ಸಲ ಬರೆದದ್ದೆಲ್ಲ ಈ ಸಲದ ಪುಟಕ್ಕೆ ಹಾಗೇ ಬಂದು ಕೂರುತ್ತದೆ. ಒಬ್ಬರಿಗೆ ಎಡಗಾಲು ತೆಗೆದು ಮೂರು ತಿಂಗಳಾದ ಮೇಲೂ ಅವರ ಪುಟದಲ್ಲಿ ‘ಎರಡೂ ಪಾದಗಳಲ್ಲಿ ನಾಡಿ ಸರಿಯಾಗಿದೆ’ ಎಂದೇ ಇತ್ತು. ನಾನು ತೋರಿಸಿದಾಗ ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ತಿದ್ದಿದರು.

ಅವರಿಗೆ ಈಗ ಐವತ್ತೆಂಟು. ಮದುವೆಯಾಗಲಿಲ್ಲ. ತಾಯಿ ಇರುವವರೆಗೆ ತಾಯಿಯ ಜೊತೆ ಇದ್ದರು, ತಾಯಿ ಹೋದ ಮೇಲೆ ತಾಯಿಯ ಮನೆಯಲ್ಲಿ ಇದ್ದಾರೆ. ಬೇರೆ ಊರಿನಲ್ಲಿರುವ ತಂಗಿ ಭಾನುವಾರ ಫೋನು ಮಾಡಿ ಅಲ್ಲಿ ಸೆಕೆಯೋ ಚಳಿಯೋ ಹೇಳಿ ಇಡುತ್ತಾಳಂತೆ. ಮಧ್ಯಾಹ್ನದ ಊಟವನ್ನು ಡಾಕ್ಟರು ಕಂಪ್ಯೂಟರಿನ ಮುಂದೆಯೇ ಮಾಡುತ್ತಾರೆ, ಎಡಗೈಯಲ್ಲಿ ಚಮಚ, ಬಲಗೈಯಲ್ಲಿ ಮೌಸು. ಸಂಜೆ ಕೊನೆಯ ರೋಗಿ ಹೋದ ಮೇಲೂ ಬಾಕಿ ಉಳಿದ ಪುಟಗಳನ್ನು ತುಂಬುತ್ತಾ ಕೂರುತ್ತಾರೆ. ನಾನು ಹೊರಡುತ್ತೇನೆಂದರೆ ತಿರುಗದೆಯೇ ತಲೆಯಾಡಿಸುತ್ತಾರೆ. ನನ್ನ ಮನೆಯೋ, ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳು, ಸಿಟ್ಟು ಮಾಡಿಕೊಂಡು ತವರಿಗೆ ಬಂದು ಕೂತ ನಾದಿನಿ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಯಾರೋ ಒಬ್ಬರು ನಿಂತು ಮಾತಾಡುತ್ತಿರುತ್ತಾರೆ. ಹಾಗಾಗಿ ಒಂಟಿಯಾಗಿರುವುದೆಂದರೆ ಒಂದು ಸುಖ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಡಾಕ್ಟರನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಇನ್ನು ಬಡಗಿಯಜ್ಜ. ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಕೆಲಸದ ಕೊಟ್ಟಿಗೆ, ಅದರ ಹಿಂದೆ ಮನೆ. ಊರಿನ ಅರ್ಧ ಬಾಗಿಲುಗಳು ಅವರ ಕೈಯವು. ಹೆಂಡತಿಗೆ ಮೂತ್ರಪಿಂಡ ಕೆಟ್ಟು, ನಾಲ್ಕು ವರ್ಷ ನಮ್ಮಲ್ಲಿಗೇ ಬರುತ್ತಿದ್ದರು. ಬಂದಾಗೆಲ್ಲ ಅಜ್ಜ ಬಾಗಿಲ ಬಳಿ ನಿಂತು ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡುವರು, ಅಜ್ಜಿ ಒಳಗೆ ಕೂತು ಮಾತಾಡುವರು. ಅಜ್ಜಿ ತೀರಿಕೊಂಡ ಒಂದು ತಿಂಗಳಿಗೆ, ಒಂದು ಮಂಗಳವಾರ, ಉಳಿದ ಮಾತ್ರೆಗಳನ್ನೆಲ್ಲ ಬಟ್ಟೆ ಚೀಲದಲ್ಲಿ ತುಂಬಿಕೊಂಡು ವಾಪಸು ಕೊಡಲು ಅಜ್ಜ ಬಂದರು. ಹನ್ನೊಂದೂ ನಲವತ್ತರ ರೋಗಿ ಅಂದು ಬಂದಿರಲಿಲ್ಲ. ಅಜ್ಜ ಆ ಹೊತ್ತಿನಲ್ಲಿ ಒಳಗೆ ಕೂತು ಹತ್ತು ನಿಮಿಷ ಮಾತಾಡಿದರು. ಏಳುವಾಗ ಮಂಡಿ ಹಿಡಿದುಕೊಂಡು, ವಯಸ್ಸಾದವರೆಲ್ಲ ಅನ್ನುವ ಹಾಗೆ, ‘ಅಯ್ಯಪ್ಪಾ, ಮಂಡಿ’ ಎಂದರು.

ಡಾಕ್ಟರು ಆ ಒಂದು ಮಾತನ್ನು ಕೈ ಜಾರಲು ಬಿಡಲಿಲ್ಲ. ಪಟ್ಟಿಯಲ್ಲಿ ‘ಮಂಡಿ ನೋವು, ಬಲ’ ಎಂದು ಒತ್ತಿ, ಮುಂದಿನ ಮಂಗಳವಾರ ಹನ್ನೊಂದೂ ನಲವತ್ತಕ್ಕೆ ಬನ್ನಿ ಎಂದರು. ಅಜ್ಜ ಬಂದರು. ಅದರ ಮುಂದಿನ ವಾರವೂ ಬಂದರು. ಪ್ರತಿ ವಾರ ಡಾಕ್ಟರು ‘ಹಿಂದಿನಂತೆ’ ಒತ್ತುವರು, ಪುಟ ತುಂಬಿಕೊಳ್ಳುವುದು: ಬಲ ಮಂಡಿ ನೋವು, ನಡೆಯಲು ಕಷ್ಟ, ಮೆಟ್ಟಿಲು ಹತ್ತಲು ಆಗದು. ಆ ಮನುಷ್ಯ ಸೈಕಲ್ ತುಳಿದುಕೊಂಡು ಬಂದು, ನಮ್ಮ ಏಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುತ್ತಿದ್ದರು. ನಾನು ನೋಡಿ ಸುಮ್ಮನಿದ್ದೆ. ಒಬ್ಬರ ಹತ್ತು ನಿಮಿಷಕ್ಕೆ ನಾನೇಕೆ ಕಲ್ಲು ಹಾಕಲಿ.

ಪರದೆಯ ಈಚೆಗೆ ಅವರ ಮಾತು ಕೇಳಿಸುತ್ತಿತ್ತು. ಅಜ್ಜ ಹೇಳುವುದು ಹೆಚ್ಚಾಗಿ ಮರದ ವಿಷಯ: ಯಾವ ಮನೆಯ ಬಾಗಿಲು ಉಬ್ಬಿದೆ, ಯಾರ ಕಿಟಕಿಗೆ ಗೆದ್ದಲು ಹತ್ತಿದೆ. ಈ ಮೇಜು ತಿರುಗಿಸುವುದು ಅರ್ಧ ದಿನದ ಕೆಲಸ ಎಂದೂ ಹೇಳಿದ್ದರು, ಡಾಕ್ಟರು ಇರಲಿ ಬಿಡಿ ಎಂದಿದ್ದರು. ಆಶ್ಚರ್ಯವೆಂದರೆ ಡಾಕ್ಟರೂ ಮಾತಾಡುತ್ತಿದ್ದರು. ತಾಯಿಯ ಕನ್ನಡಕವನ್ನು ಎಲ್ಲಿಡಬೇಕೆಂದು ತಿಳಿಯದೆ ಇನ್ನೂ ಸ್ನಾನದ ಮನೆಯ ಗೂಡಿನಲ್ಲೇ ಇಟ್ಟಿರುವುದು, ಚಿಕ್ಕವರಿದ್ದಾಗ ಈಜು ಕಲಿಯಬೇಕೆಂದು ಆಸೆ ಇದ್ದದ್ದು, ಇಂಥವು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೇಳದ್ದನ್ನು ಗೋಡೆಗೆ ಮುಖ ಮಾಡಿಕೊಂಡು ಆ ಅಜ್ಜನಿಗೆ ಹೇಳುತ್ತಿದ್ದರು. ಎದುರಾಬದುರು ಕೂತಿದ್ದರೆ ಅಷ್ಟು ಹೇಳುತ್ತಿದ್ದರೋ ಇಲ್ಲವೋ. ಮಾತಿನ ನಡುವೆಯೂ ಕೀಲಿಗಳ ಟಕಟಕ ನಿಲ್ಲುತ್ತಿರಲಿಲ್ಲ. ಒಂದು ದಿನ ಸಿರಿಂಜು ಇಡಲು ಒಳಗೆ ಹೋದವಳು ಕಂಪ್ಯೂಟರಿನ ಪರದೆ ನೋಡಿದೆ. ಒಂದೇ ಅಕ್ಷರ ಸಾಲು ಸಾಲಾಗಿ ಬಿದ್ದಿತ್ತು. ಹೊರಗೆ ಕಾಯುವವರಿಗೆ ಕೆಲಸ ನಡೆಯುತ್ತಿದೆ ಎಂದು ಕೇಳಿಸಲಿ ಎಂದು ಸುಮ್ಮನೆ ಒತ್ತುತ್ತಿದ್ದರು, ಆಮೇಲೆ ಅಳಿಸುತ್ತಿದ್ದರು.

ಹೀಗೆ ನಲವತ್ಮೂರು ಮಂಗಳವಾರ.

ಅಷ್ಟರಲ್ಲಿ ಮುಖ್ಯ ಕಚೇರಿಯವರು ಕಂಪ್ಯೂಟರಿಗೆ ಹೊಸ ಬುದ್ಧಿ ಹೇಳಿಕೊಟ್ಟರು. ಒಂದೇ ದೂರು ಮೇಲಿಂದ ಮೇಲೆ ಬಂದರೆ ಅದು ತಾನೇ ದೊಡ್ಡ ಆಸ್ಪತ್ರೆಗೆ ಪತ್ರ ತಯಾರಿಸಿ ಡಾಕ್ಟರ ಸಹಿಗೆ ಇಡುತ್ತದೆ. ಡಾಕ್ಟರು ಬೇಡವೆಂದರೆ ಬೇಡ, ಸಹಿ ಮಾಡಿದರೆ ಹೋಯಿತು. ಸಹಿಗೆ ಕಾಯುವ ಕಾಗದಗಳು ದಿನಕ್ಕೆ ಎಪ್ಪತ್ತಕ್ಕೆ ಕಡಿಮೆ ಇಲ್ಲ: ರಕ್ತ ಪರೀಕ್ಷೆ, ರಜೆ ಚೀಟಿ, ಔಷಧಿ ಅಂಗಡಿಯವರ ಪ್ರಶ್ನೆ. ಒಂದೊಂದನ್ನೂ ತೆರೆದು ಓದಿ ಸಹಿ ಮಾಡಬೇಕೆಂಬುದು ನಿಯಮ, ಎಲ್ಲಕ್ಕೂ ಒಟ್ಟಿಗೆ ಸಹಿ ಮಾಡುವ ಗುಂಡಿಯೂ ಪಕ್ಕದಲ್ಲೇ ಇದೆ. ಅದನ್ನು ಅಲ್ಲಿ ಇಟ್ಟವನಿಗೆ ನಮ್ಮ ಮಧ್ಯಾಹ್ನಗಳ ಪರಿಚಯ ಚೆನ್ನಾಗಿಯೇ ಇರಬೇಕು. ಒಂದು ದಿನ ಊಟದ ಹೊತ್ತಿನಲ್ಲಿ, ಹೊರಗೆ ಜ್ವರದ ಮಕ್ಕಳು ಒಂದೇ ಸಮ ಅಳುತ್ತಿದ್ದಾಗ, ಡಾಕ್ಟರು ಆ ಗುಂಡಿ ಒತ್ತಿದರು.

ಅಜ್ಜನಿಗೆ ದೊಡ್ಡ ಆಸ್ಪತ್ರೆಯಿಂದ ಕಾಗದ ಬಂತು. ಡಾಕ್ಟರೇ ಕಳಿಸಿದ್ದಾರೆಂದ ಮೇಲೆ ಏನೋ ಇರಬೇಕೆಂದು ಅಜ್ಜ ಯಾರನ್ನೂ ಕೇಳದೆ ಹೋದರು. ಅಲ್ಲಿ ಎಕ್ಸ್‌ರೇ ತೆಗೆದರು. ಎಪ್ಪತ್ನಾಲ್ಕು ವರ್ಷದ, ನೆಲದ ಮೇಲೆ ಕೂತು ಮರ ಕೊಯ್ದ ಮಂಡಿ, ಸವೆಯದೆ ಇರುತ್ತದೆಯೇ? ಪುಟದಲ್ಲಿ ನಲವತ್ಮೂರು ಸಲ ನೋವು, ಚಿತ್ರದಲ್ಲಿ ಸವೆದ ಮೂಳೆ. ನೋಯುತ್ತದೆಯೇ ಎಂದು ಅವರು ಕೇಳಿದಾಗ ಅಜ್ಜ ಹೇಳಿದ್ದು, ನಮ್ಮ ಡಾಕ್ಟರಿಗೆ ಗೊತ್ತು ಎಂದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮುಂದಿನ ವಾರ ಗುರುವಾರ ಮಂಡಿ ತೆರೆದು ಹೊಸದು ಹಾಕುವುದೆಂದು ದಿನ ಗೊತ್ತು ಮಾಡಿಬಿಟ್ಟರು.

ಮಂಗಳವಾರ ಅಜ್ಜ ಆ ಕಾಗದ ಹಿಡಿದುಕೊಂಡು ಬಂದರು. ಅಂದು ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು. ಬಿಪಿ ನೋಡಲು ನಾನೂ ಒಳಗಿದ್ದೆ. ಡಾಕ್ಟರು ಎಂದಿನ ಹಾಗೆ ಕೀಲಿ ಒತ್ತುತ್ತಾ ಹೇಳಿ, ಕೇಳಿಸ್ಕೋತಾ ಇದೀನಿ ಎಂದರು.

‘ಮಂಡಿ ಕೊಯ್ಯಬೇಕಂತೆ ಡಾಕ್ಟ್ರೇ’ ಎಂದರು ಅಜ್ಜ. ‘ನಂಗೇನೂ ನೋವಿರ್ಲಿಲ್ಲ. ಆದ್ರೆ ನೀವು ಒಂದು ವರ್ಷದಿಂದ ಬರೀತಾ ಇದೀರಂತಲ್ಲ. ನಂಗೆ ಗೊತ್ತಾಗದೆ ಇದ್ದಿದ್ದು ನಿಮಗೆ ಗೊತ್ತಾಗಿದೆ ಅಂದ್ಕೊಂಡೆ. ಕಾಗದ ಬಂದ್ಮೇಲೆ ಸ್ವಲ್ಪ ನೋಯ್ತಾ ಇದೆ ಅಂತಾನೂ ಅನ್ಸುತ್ತೆ.’

ಟಕಟಕ ನಿಂತಿತು. ಡಾಕ್ಟರ ಕುರ್ಚಿ ತಿರುಗುವ ಕುರ್ಚಿ, ಆದರೆ ಆರು ವರ್ಷದಲ್ಲಿ ಅದು ರೋಗಿಯ ಕಡೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ. ಅಂದು ಕಿರ್‍ರೆಂದು ತಿರುಗಿತು. ಅವರ ಮುಖ ಸುಣ್ಣದ ಗೋಡೆಯಾಗಿತ್ತು. ಕಾಗದ ತೆಗೆದುಕೊಂಡು ಓದಿದರು, ತಮ್ಮದೇ ಸಹಿ ನೋಡಿದರು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೊದಿಸಿ, ಈಗ ವಾಸಿಯಾಗಿದೆ ಎಂದು ಬರೆದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವರು ನಿಜ ಹೇಳಿದರು. ಮಂಡಿಗೆ ಏನೂ ಆಗಿಲ್ಲ, ಕಾರಣ ಕೊಡದಿದ್ದರೆ ಈ ಕಂಪ್ಯೂಟರು ಮುಂದಿನ ದಿನ ಕೊಡುವುದಿಲ್ಲ, ನೀವು ಒಬ್ಬರೇ ಆಗಿದ್ದೀರಿ, ವಾರಕ್ಕೊಮ್ಮೆ ಬಂದು ಕೂತು ಹೋಗಲಿ ಎಂದು ತಾನೇ ಬರೆದದ್ದು ಎಂದರು. ತಪ್ಪಾಯಿತು ಎಂದೂ ಹೇಳಿದರು.

ಅಜ್ಜ ಕಾಗದವನ್ನು ವಾಪಸು ತೆಗೆದುಕೊಂಡು ನಾಲ್ಕಾಗಿ ಮಡಿಸಿದರು.

‘ನಾನು ಒಬ್ನೇ ಆಗಿದೀನಿ ಅಂತ ಬರ್ತಿರ್ಲಿಲ್ಲ ಡಾಕ್ಟ್ರೇ’ ಎಂದರು. ‘ನನ್ನ ಹೆಂಡ್ತಿ ಕೊನೇಲಿ ಒಂದು ಮಾತು ಹೇಳಿದ್ಲು. ಆ ಡಾಕ್ಟ್ರಮ್ಮನ ಹತ್ರ ಎಲ್ರೂ ಬರೀ ಕಾಯಿಲೆ ಹೇಳ್ಕೋತಾರೆ, ಅವ್ರನ್ನ ಮಾತಾಡಿಸೋರು ಯಾರೂ ಇಲ್ಲ, ನೀವಾದ್ರೂ ಆಗಾಗ ಹೋಗಿ ಬನ್ನಿ ಅಂತ. ಅದಕ್ಕೆ ಬರ್ತಿದ್ದೆ.’

ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಬಿಪಿ ಪಟ್ಟಿಯನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಅಜ್ಜ ಎದ್ದು, ಹೊರಗೆ ಕಾಯಿಲೆಯವರು ಕಾಯುತ್ತಿದ್ದಾರೆ, ಅವರ ಜಾಗದಲ್ಲಿ ತಾನು ಸುಳ್ಳು ಕಾಯಿಲೆ ಬರೆಸಿಕೊಂಡು ಕೂತದ್ದು ಗೊತ್ತಿರಲಿಲ್ಲ ಎಂದು ಹೇಳಿ ಹೊರಟರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ಡಾಕ್ಟರು ಆಗಲೇ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ಗುರುವಾರದ್ದನ್ನು ರದ್ದು ಮಾಡಿಸಿದರು. ಮಂಡಿ ಉಳಿಯಿತು. ಆದರೆ ಸಹಿಯಾದ ಪುಟವನ್ನು ಅಳಿಸಲು ಕಂಪ್ಯೂಟರ್ ಬಿಡುವುದಿಲ್ಲ, ಕೆಳಗೆ ತಿದ್ದುಪಡಿ ಎಂದು ಬರೆಯಲು ಮಾತ್ರ ಬಿಡುತ್ತದೆ. ಆ ವಾರ ಸಂಜೆಗಳಲ್ಲಿ ಕೂತು ಅವರು ನಲವತ್ಮೂರು ಪುಟಗಳನ್ನೂ ಒಂದೊಂದಾಗಿ ತೆರೆದರು. ‘ಹಿಂದಿನಂತೆ’ ಗುಂಡಿಯನ್ನು ಮುಟ್ಟಲಿಲ್ಲ. ಪ್ರತಿಯೊಂದರ ಕೆಳಗೂ ಎರಡು ಬೆರಳಲ್ಲಿ ಒತ್ತಿದರು: ‘ಮಂಡಿ ನೋವು ಇರಲಿಲ್ಲ. ಮಾತಾಡಲು ಬಂದಿದ್ದರು.’ ಕೊನೆಗೆ ‘ಚೆನ್ನಾಗಿದ್ದಾರೆ’ ಎಂದು ಸೇರಿಸಲು ಹೋಗಿ ನಿಲ್ಲಿಸಿದರು. ಮುಖ್ಯ ಕಚೇರಿಯಿಂದ ವಿವರಣೆ ಕೇಳಿ ಕಾಗದ ಬಂತು, ಅದಕ್ಕೆ ತಾನು ಸುಳ್ಳು ಬರೆದಿದ್ದೆ ಎಂದು ಒಂದೇ ಸಾಲಿನ ಉತ್ತರ ಹೋಯಿತು.

ಅಜ್ಜ ಬರಲಿಲ್ಲ. ಹನ್ನೊಂದೂ ನಲವತ್ತನ್ನು ಡಾಕ್ಟರು ಬೇರೆ ಯಾರಿಗೂ ಕೊಡಲಿಲ್ಲ. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಬೂದು ಚೌಕ, ಬೆಂಚಿನ ಮೇಲೆ ಗೊಣಗುವ ಹತ್ತು ಜನ, ಒಳಗೆ ಖಾಲಿ ಸ್ಟೂಲಿಗೆ ಬೆನ್ನು ಹಾಕಿ ಕೂತ ನಮ್ಮ ಡಾಕ್ಟರು. ಟಕಟಕವೂ ಇಲ್ಲ. ಆರು ಮಂಗಳವಾರ ಹೀಗೇ ಕಳೆದವು. ಮನೆಯಲ್ಲಿ ಆರು ಬಾಯಿ ಒಟ್ಟಿಗೆ ಮಾತಾಡುವಾಗಲೂ ನನಗೆ ಆ ಹತ್ತು ನಿಮಿಷದ ಸದ್ದಿಲ್ಲದ ಕೋಣೆ ನೆನಪಾಗಿ ಸಂಕಟವಾಗುತ್ತಿತ್ತು. ಇದು ಸುಖವಲ್ಲ ಎಂದು ಅಷ್ಟು ತಡವಾಗಿ ಅರ್ಥವಾಯಿತು.

ಏಳನೆಯ ವಾರ ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವರ ಮನೆ, ನೀವೇ ಒಮ್ಮೆ ಹೋಗಿ ಬನ್ನಿ ಎಂದು ಬೈದ ಹಾಗೇ ಹೇಳಿದೆ.

‘ಏನಂತ ಹೋಗ್ಲಿ?’ ಎಂದರು ಡಾಕ್ಟರು.

ಆದರೆ ಅದರ ಮುಂದಿನ ಮಂಗಳವಾರ ಅವರು ಅರ್ಧ ದಿನ ರಜೆ ಹಾಕಿದರು, ತಾಯಿ ತೀರಿಕೊಂಡ ಮೇಲೆ ಅದೇ ಮೊದಲು. ದಾರಿ ತೋರಿಸೆಂದು ನನ್ನನ್ನು ಕರೆದುಕೊಂಡರು. ಓಣಿಯ ತಿರುವಿನಲ್ಲಿ ಒಮ್ಮೆ ನಿಂತು, ವಾಪಸು ಹೋಗೋಣವೇ ಎಂದರು. ನಾನು ಕೇಳಿಸದವಳ ಹಾಗೆ ಮುಂದೆ ನಡೆದೆ.

ಅಜ್ಜ ಕೊಟ್ಟಿಗೆಯಲ್ಲಿ ಒಂದು ಬಾಗಿಲ ಹಲಗೆಯನ್ನು ನಯಮಾಡಲು ಹತ್ತರಿ ಹೊಡೆಯುತ್ತಿದ್ದರು. ಕಾಲ ಸುತ್ತ ಮರದ ಸುರುಳಿಗಳ ರಾಶಿ. ನೆರಳು ಬಿದ್ದದ್ದಕ್ಕೆ ತಲೆಯೆತ್ತಿ ನೋಡಿದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

‘ಏನ್ ಬಂದ್ರಿ ಡಾಕ್ಟ್ರೇ?’

ಡಾಕ್ಟರು ನನ್ನ ಮುಖ ನೋಡಿದರು, ನಾನೇ ಆ ‘ಬಂದ ಕಾರಣ’ದ ಪಟ್ಟಿಯನ್ನು ಹಿಡಿದುಕೊಂಡು ಬಂದಿದ್ದೇನೆ ಎಂಬಂತೆ. ದಿನಕ್ಕೆ ಅರವತ್ತು ಜನರನ್ನು ಇದೇ ಪ್ರಶ್ನೆ ಕೇಳುವವರಿಗೆ ಒಂದು ಉತ್ತರ ಹೊಳೆಯಲಿಲ್ಲ. ಕೈಚೀಲದ ಹಿಡಿಯನ್ನು ತಿರುಚುತ್ತಾ ನಿಂತರು. ಕೊನೆಗೆ ಬಹಳ ಮೆತ್ತಗೆ ಹೇಳಿದರು.

‘ಮಂಡಿ ನೋವು.’

ಅಜ್ಜ ನಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ಅದರ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿ ಇಟ್ಟರು. ಡಾಕ್ಟರು ಕೂತರು. ಅಜ್ಜ ಮತ್ತೆ ಹಲಗೆಯ ಕಡೆ ತಿರುಗಿ, ಬೆನ್ನು ಹಾಕಿಕೊಂಡು ಹತ್ತರಿ ಹಿಡಿದರು.

‘ಹೇಳಿ’ ಎಂದರು. ‘ಕೇಳಿಸ್ಕೋತಾ ಇದೀನಿ.’

ನಾನು ಅಲ್ಲಿ ನಿಲ್ಲಲಿಲ್ಲ. ಓಣಿಯಲ್ಲಿ ನಡೆಯುವಾಗ ಹತ್ತರಿಯ ಸದ್ದು ಹಿಂದಿನಿಂದ ಬರುತ್ತಿತ್ತು, ಅದರ ಅಡಿಯಲ್ಲಿ ಡಾಕ್ಟರ ಸಣ್ಣ ದನಿ. ತಿರುವು ಮುಟ್ಟುವಷ್ಟರಲ್ಲಿ ಹತ್ತರಿಯ ಸದ್ದು ನಿಂತಿತು. ನಮ್ಮ ಡಾಕ್ಟರು ಆರು ವರ್ಷದಲ್ಲಿ ಒಂದು ಸಲ ತಿರುಗಿ ಕೂತಿದ್ದರು, ಅಜ್ಜ ಎರಡು ನಿಮಿಷದಲ್ಲಿ ತಿರುಗಿರಬೇಕು.